ಮಂಗಳೂರಿನ ಊಟಕ್ಕೆ ಟೈಮ್‌ಟೇಬಲ್ ಉಂಟು

ಲಾಡ್ಜ್‌ನ ರಿಸೆಪ್ಶನ್‌ನಲ್ಲಿ ಕೂತವನಿಗೆ ವೈಫೈ ಪಾಸ್‌ವರ್ಡ್ ಬಿಟ್ಟರೆ ಜಾಸ್ತಿ ಬರುವ ಪ್ರಶ್ನೆ ಒಂದೇ. "ಇಲ್ಲಿ ಒಳ್ಳೆ ಊಟ ಎಲ್ಲಿ ಸಿಗುತ್ತೆ ಸಾರ್?" ಮಂಗಳೂರಿನಲ್ಲಿ ಇದಕ್ಕೆ ಒಂದು ಹೋಟೆಲ್ ಹೆಸರು ಹೇಳಿ ಕಳಿಸಿಬಿಟ್ಟರೆ ಅರ್ಧ ಜನ ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬರುತ್ತಾರೆ. ಹೋಟೆಲ್ ಚೆನ್ನಾಗಿಯೇ ಇರುತ್ತದೆ. ಇವರು ಹೋದ ಹೊತ್ತಿಗೆ ಅಲ್ಲಿನ ಒಳ್ಳೆ ಐಟಂ ಮುಗಿದಿರುತ್ತದೆ, ಇಲ್ಲವೇ ಇನ್ನೂ ಶುರುವಾಗಿರುವುದಿಲ್ಲ. ಅದಕ್ಕೇ ನಾನು ಹೆಸರು ಹೇಳುವ ಮೊದಲು ತಿರುಗಿ ಕೇಳುತ್ತೇನೆ: ಎಷ್ಟೊತ್ತಿಗೆ ಹೊರಡುತ್ತೀರಿ? ಮೀನು ತಿನ್ನುತ್ತೀರಾ?

ಬೆಳಿಗ್ಗೆಯಿಂದಲೇ ನೋಡಿ. ಇಲ್ಲಿನ ಬನ್ಸ್ ಅಂದರೆ ಬೇಕರಿಯ ಬನ್ ಅಲ್ಲ. ಮಾಗಿದ ಬಾಳೆಹಣ್ಣು ಹಾಕಿ ಕಲಸಿದ ಮೈದಾ ಹಿಟ್ಟನ್ನು ರಾತ್ರಿಯೆಲ್ಲ ಇಟ್ಟು, ಬೆಳಿಗ್ಗೆ ಪೂರಿಗಿಂತ ದಪ್ಪಕ್ಕೆ ಲಟ್ಟಿಸಿ ಕರಿಯುತ್ತಾರೆ. ಎಂಟು ಗಂಟೆಗೆ ಬಾಣಲೆಯಿಂದ ಎದ್ದ ಬನ್ಸನ್ನು ಮುರಿದರೆ ಒಳಗೆ ಜಾಲಿ ಜಾಲಿಯಾಗಿರುತ್ತದೆ, ಹಬೆ ಬರುತ್ತದೆ. ಹನ್ನೊಂದಕ್ಕೆ ಗಾಜಿನ ಪೆಟ್ಟಿಗೆಯಲ್ಲಿ ಉಳಿದದ್ದನ್ನು ತಿಂದವರು "ಇದಕ್ಕಾ ಇಷ್ಟು ಹೆಸರು?" ಅಂತಾರೆ. ಅವರ ತಪ್ಪೂ ಅಲ್ಲ, ಬನ್ಸಿನ ತಪ್ಪೂ ಅಲ್ಲ. ಗೋಳಿಬಜೆ ಸಂಜೆಯ ಚಹಾದ ಜೊತೆಗಿನದು. ಮೊಸರು ಹಾಕಿದ ಹಿಟ್ಟು, ಶುಂಠಿ, ಹಸಿಮೆಣಸು, ಹಲ್ಲಿಗೆ ಸಿಗುವ ಕಾಯಿ ಚೂರು. ತಣ್ಣಗಾದರೆ ರಬ್ಬರ್. ತಟ್ಟೆಯಲ್ಲಿ ರೆಡಿ ಕಂಡರೆ ತಗೊಳ್ಳಬೇಡಿ, "ಬಿಸಿ ಎಷ್ಟೊತ್ತಿಗೆ?" ಅಂತ ಕೇಳಿ ಕಾಯಿರಿ.

ಇನ್ನು ಮೀನು. ಹೆಚ್ಚಿನವರು ಬರುವುದೇ ಅದಕ್ಕೆ, ಅಲ್ವಾ?

ಮೀನೂಟದ ಹೋಟೆಲ್‌ಗಳ ನಿಜವಾದ ಹೊತ್ತು ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ. ಎರಡೂವರೆಗೆ ಹೋದರೆ ಊಟ ಸಿಗುತ್ತದೆ, ಆದರೆ ಆಯ್ಕೆ ಹೋಗಿರುತ್ತದೆ. ಕಾರ್‌ಸ್ಟ್ರೀಟ್, ಬಂದರು, ಹಂಪನಕಟ್ಟೆ ಕಡೆಯ ಹಳೇ ಹೋಟೆಲ್‌ಗಳಲ್ಲಿ ಆ ಹೊತ್ತಿಗೆ ಟೇಬಲ್ ಹಂಚಿಕೊಂಡೇ ಕೂರಬೇಕು. ನಿಮ್ಮ ಎದುರು ಗುರುತಿಲ್ಲದ ಗುಮಾಸ್ತರೊಬ್ಬರು ಬಂಗುಡೆ ಬಿಡಿಸುತ್ತಾ ಕೂತಿರುತ್ತಾರೆ. ಸಂಕೋಚ ಬೇಡ. ಅವರ ತಟ್ಟೆಯಲ್ಲಿ ಏನಿದೆ ಅಂತ ನೋಡಿ, ಅದನ್ನೇ ಹೇಳಿ.

ಕೂತ ಕೂಡಲೇ ಸಪ್ಲೈಯರ್ "ಕುಚ್ಚಲಕ್ಕಿಯಾ, ಬೆಳ್ತಿಗೆಯಾ?" ಅಂತಾನೆ. ಬೆಳ್ತಿಗೆ ಅಂದರೆ ನೀವು ಮನೆಯಲ್ಲಿ ಉಣ್ಣುವ ಬಿಳಿ ಅನ್ನ. ಕುಚ್ಚಲಕ್ಕಿ ಹೇಳಿ. ಆ ದಪ್ಪ ಅಗುಳಿಗೆ ಮೀನಿನ ಸಾರು ಹಿಡಿಯುವ ಹಾಗೆ ಬೆಳ್ತಿಗೆಗೆ ಹಿಡಿಯುವುದಿಲ್ಲ. ಊಟದ ಜೊತೆ ಸಾರು, ಪಲ್ಯ ಬರುತ್ತದೆ. ಹುರಿದ ಮೀನು ಬೇರೆ ಲೆಕ್ಕ. ಕೆಲವು ಕಡೆ ಮಸಾಲೆ ಹಚ್ಚಿದ ಮೀನನ್ನು ಟ್ರೇಯಲ್ಲಿಟ್ಟು ಟೇಬಲ್‌ಗೇ ತರುತ್ತಾರೆ. ಬೆರಳು ತೋರಿಸಿದರೆ ಅದೇ ಮೀನು ಕಾವಲಿಗೆ ಬೀಳುತ್ತದೆ. ಬೆರಳು ತೋರಿಸುವ ಮೊದಲು ರೇಟು ಕೇಳಿ. ದೊಡ್ಡ ಮೀನಿಗೆ ಮೆನುವಿನಲ್ಲಿ ಬೆಲೆ ಹಾಕದೆ "ಸೈಜ್ ನೋಡಿ" ಅಂತ ಬಿಟ್ಟಿರುವುದು ಇಲ್ಲಿ ಮಾಮೂಲು. ಮೋಸ ಏನಿಲ್ಲ, ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ, ಬೆಳಗಿನ ರೇಟು ದಿನಾ ಬದಲಾಗುತ್ತದೆ. ಕೇಳದೆ ತಿಂದು ಬಿಲ್ ನೋಡಿ ಬೆವರುವವರೂ ದಿನಾ ಇರುತ್ತಾರೆ.

ಹೊರಗಿನಿಂದ ಬಂದವರೆಲ್ಲ ಅಂಜಲ್, ಮಾಂಜಿ ಅಂತಲೇ ಕೇಳುತ್ತಾರೆ. ಅಂಜಲ್ ಅಂದರೆ ಕಿಂಗ್‌ಫಿಶ್, ಮಾಂಜಿ ಪಾಂಫ್ರೆಟ್. ಮುಳ್ಳು ಕಡಿಮೆ, ದುಡ್ಡು ಜಾಸ್ತಿ. ನನ್ನನ್ನು ಕೇಳಿದರೆ ಈ ಊರಿನ ರುಚಿ ಇರುವುದು ಬಂಗುಡೆಯಲ್ಲಿ, ಬೂತಾಯಿ ಅಂದರೆ ಸಾರ್ಡೀನ್‌ನಲ್ಲಿ. ಬಂಗುಡೆ ಪುಳಿಮುಂಚಿ ಒಮ್ಮೆ ತಿನ್ನಿ. ಹುಣಸೆಯ ಹುಳಿ, ಒಣಮೆಣಸಿನ ಖಾರ, ತೆಂಗಿನಕಾಯಿಯ ಹಾಲು ಗೀಲು ಏನೂ ಇಲ್ಲ. ಮುಳ್ಳಿನ ಹೆದರಿಕೆ ಇದ್ದವರಿಗೆ ಕಾಣೆ ಮೀನು. ಉದ್ದಕ್ಕೆ ಬೆರಳಿನ ಹಾಗಿರುತ್ತದೆ. ರವೆ ಹಚ್ಚಿ ಗರಿಗರಿ ಹುರಿದು ಕೊಡುತ್ತಾರೆ. ಬೆನ್ನಿನ ಉದ್ದಕ್ಕೂ ಮೆಲ್ಲಗೆ ಒತ್ತಿ, ಎರಡು ಹೋಳು ಬಿಡಿಸಿದರೆ ನಡುವಿನ ಮುಳ್ಳು ಇಡಿಯಾಗಿ ಕೈಗೆ ಬರುತ್ತದೆ. ಮಕ್ಕಳಿಗೂ ಕೊಡಬಹುದು.

ಆದರೆ ತಿಂಗಳು ನೋಡಿ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಜೋರು. 61 ದಿನ ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿ ನಿಂತಿರುತ್ತವೆ. ನಾಡದೋಣಿಯವರು ತರುವ ಸ್ವಲ್ಪ ಮೀನು ಬಿಟ್ಟರೆ ಉಳಿದದ್ದು ಐಸಿನಲ್ಲಿ ಹೊರಗಿನಿಂದ ಬಂದದ್ದು. ಮಳೆ ನೋಡಲು ಜುಲೈನಲ್ಲಿ ಬಂದು, ಅಂಜಲ್ ಫ್ರೈ ತಿಂದು, ಮಂಗಳೂರು ಮೀನು ಏನೂ ವಿಶೇಷ ಇಲ್ಲ ಅಂತ ಸ್ಟಾರ್ ಕಡಿಮೆ ಕೊಟ್ಟು ಹೋಗುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಹಾಗಂತ ಮಳೆಗಾಲ ದಂಡವಲ್ಲ. ಕೆಸುವಿನ ಎಲೆಗೆ ಅಕ್ಕಿ-ಮಸಾಲೆಯ ಹಿಟ್ಟು ಸವರಿ, ಸುರುಳಿ ಸುತ್ತಿ ಬೇಯಿಸುವ ಪತ್ರೊಡೆಯ ಕಾಲ ಅದೇ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಸಸ್ಯಾಹಾರಿ ಹೋಟೆಲ್‌ಗಳ ಬೋರ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆದ ಐಟಂಗಳ ಮೇಲೆ ಕಣ್ಣಿಡಿ. ಪ್ರಿಂಟಾದ ಮೆನುವಿನಲ್ಲಿ ಇಲ್ಲದ್ದು ಅಲ್ಲಿರುತ್ತದೆ.

ಇನ್ನೊಂದು ವಿಷಯ. "ಮಂಗಳೂರು ಊಟ" ಅಂತ ಒಂದೇ ಊಟ ಇಲ್ಲ. ಬಂಟರ ಮನೆಯದ್ದು ಕೋರಿ ರೊಟ್ಟಿ. ಕೊಂಕಣಿ ಗೌಡ ಸಾರಸ್ವತ ಬ್ರಾಹ್ಮಣರದ್ದು (ಜಿಎಸ್‌ಬಿ) ದಾಳಿತೋಯ್ ಅನ್ನುವ ಬೇಳೆ ಸಾರು, ಒಳಗೆ ಖಾರದ ಹೂರಣ ಇರುವ ಬಿಸ್ಕುಟ್ ರೊಟ್ಟಿ. ಕ್ರಿಶ್ಚಿಯನ್ನರದ್ದು ಇಡ್ಲಿಯ ಹಾಗಿರುವ ಸಾನ್ನ ಮತ್ತು ಬಫಾತ್ ಅನ್ನುವ ಹಂದಿ ಮಾಂಸದ ಸಾರು, ಡಿಸೆಂಬರ್ ಬಂದರೆ ಕುಸ್ವಾರ್ ಅನ್ನುವ ಕ್ರಿಸ್‌ಮಸ್ ತಿಂಡಿಗಳು. ಬ್ಯಾರಿ ಮುಸ್ಲಿಮರ ಬಿರಿಯಾನಿ, ಪತ್ತಿರಿ ಅನ್ನುವ ಅಕ್ಕಿ ರೊಟ್ಟಿ ಮತ್ತೊಂದು ಲೋಕ. ಎಲ್ಲವನ್ನೂ ಒಂದೇ ಮೆನುವಿನಲ್ಲಿ ಹಾಕಿರುವ ಕಡೆ ಯಾವುದೂ ಸರಿ ಇರುವುದಿಲ್ಲ, ಇದು ನನ್ನ ಅನುಭವ. ಯಾವ ಮನೆಯ ಅಡುಗೆ ಬೇಕು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಆ ಜನರನ್ನೇ ಕೇಳಿ. ನಮ್ಮಲ್ಲಿ ಹೌಸ್‌ಕೀಪಿಂಗ್‌ನ ಕ್ರಿಶ್ಚಿಯನ್ ಅಕ್ಕ ಹೇಳುವ ಸಾನ್ನದ ಅಂಗಡಿ ಯಾವ ಆ್ಯಪ್‌ನಲ್ಲೂ ಮೇಲೆ ಬರುವುದಿಲ್ಲ.

ಕೋರಿ ರೊಟ್ಟಿ ತಿನ್ನುವ ಕ್ರಮವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಹಪ್ಪಳ ಅಂದುಕೊಂಡು ಪಕ್ಕಕ್ಕಿಟ್ಟು ಅನ್ನ ಕೇಳುವವರಿದ್ದಾರೆ. ಕುಚ್ಚಲಕ್ಕಿಯ ಆ ಗರಿಗರಿ ಹಾಳೆಯನ್ನು ತಟ್ಟೆಯಲ್ಲೇ ಪುಡಿ ಮಾಡಿ. ಮೇಲೆ ಬಿಸಿ ಕೋಳಿ ಗಸಿ, ಅಂದರೆ ಕಾಯಿ ಹಾಕಿದ ಸಾರು, ಸುರಿಯಿರಿ. ಅರ್ಧ ನೆನೆದು ಅರ್ಧ ಕುರುಂ ಅನ್ನುವಾಗಲೇ ತಿನ್ನಬೇಕು ಅನ್ನುವವರು ನಾವು. ಪೂರ್ತಿ ಮೆತ್ತಗಾಗಲಿ ಅನ್ನುವ ಪಕ್ಷವೂ ಇದೆ, ಅವರ ಜೊತೆ ಜಗಳ ಬೇಡ. ಎಲ್ಲರೂ ಕೇಳುವ ಘೀ ರೋಸ್ಟ್ ಮಾತ್ರ ಮೂಲದಲ್ಲಿ ಕುಂದಾಪುರದ್ದು. ಅಲ್ಲಿನ ಶೆಟ್ಟಿ ಲಂಚ್ ಹೋಮ್ ಅದಕ್ಕೆ ಹೆಸರುವಾಸಿ. ಇಲ್ಲಿಯೂ ಚೆನ್ನಾಗಿ ಮಾಡುತ್ತಾರೆ. ಆದರೆ ಉಡುಪಿ, ಮುರುಡೇಶ್ವರ ಅಂತ ಹೇಗೂ ಆ ದಾರಿಯಲ್ಲಿ ಹೋಗುವವರಾದರೆ ಇಲ್ಲಿ ಹೊಟ್ಟೆಯ ಜಾಗ ಬೇರೆಯದಕ್ಕೆ ಉಳಿಸಿ.

ಮೊಬೈಲಿನ ಸ್ಟಾರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೂರುಗಳನ್ನು ಓದಿ, ಹೊಗಳಿಕೆ ಬಿಡಿ. "ಎಸಿ ಇಲ್ಲ", "ಬೇರೆಯವರ ಜೊತೆ ಕೂರಿಸಿದರು", "ಮೂರು ಗಂಟೆಗೆ ಹೋದರೆ ಮೀನಿಲ್ಲ ಅಂದರು" ಅಂತ ಬರೆದಿದ್ದರೆ ಆ ಹೋಟೆಲಿಗೆ ಧೈರ್ಯವಾಗಿ ಹೋಗಿ. ಮೀನು ಮುಗಿದುಹೋಗುವ ಹೋಟೆಲ್ಲೇ ನಂಬಿಕೆಯ ಹೋಟೆಲ್. "ವಾಸನೆ ಬರುತ್ತಿತ್ತು", "ಬೆಳಿಗ್ಗಿಂದ ಹೊಟ್ಟೆ ಸರಿ ಇಲ್ಲ" ಅಂತ ಇಬ್ಬರು ಮೂವರು ಬರೆದಿದ್ದರೆ ಬಿಟ್ಟುಬಿಡಿ.

ನಮ್ಮ ಕೌಂಟರಿನ ಒಳಗಿನ ಮಾತೂ ಸ್ವಲ್ಪ ಹೇಳಬೇಕು. ಕೆಲವು ಹೋಟೆಲ್‌ನವರು ಲಾಡ್ಜ್‌ಗಳಿಗೆ ಬಂದು ಕಾರ್ಡ್ ಇಟ್ಟು ಹೋಗುತ್ತಾರೆ, ಗಿರಾಕಿ ಕಳಿಸಿದರೆ ನೋಡಿಕೊಳ್ಳುತ್ತೇವೆ ಅಂತಾರೆ. ಹೆದ್ದಾರಿಯಲ್ಲಿ ಬಸ್ಸು, ಟ್ಯಾಕ್ಸಿ ನಿಲ್ಲಿಸುವ ಹೋಟೆಲ್‌ಗಳಲ್ಲಿ ಡ್ರೈವರ್ ಊಟ ಫ್ರೀ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ರಿಸೆಪ್ಶನ್‌ನವನು ಕಾರ್ಡ್ ತೆಗೆದು ಕೊಟ್ಟರೆ ನಕ್ಕು ಜೇಬಿಗೆ ಹಾಕಿಕೊಳ್ಳಿ, ಆಮೇಲೆ "ನೀವು ಇವತ್ತು ಮಧ್ಯಾಹ್ನ ಎಲ್ಲಿ ಊಟ ಮಾಡಿದಿರಿ?" ಅಂತ ಕೇಳಿ. ಈ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಕಂಡಕ್ಟರ್‌ಗಳು, ಕೋರ್ಟಿನ ಗುಮಾಸ್ತರು, ಆಸ್ಪತ್ರೆ ಸಿಬ್ಬಂದಿ ದಿನಾ ಹೊರಗೆ ಉಣ್ಣುವವರು. ಕಡಿಮೆ ದುಡ್ಡಿಗೆ ಹೊಟ್ಟೆ ಕೆಡದ ಊಟ ಎಲ್ಲಿ ಅಂತ ಅವರಷ್ಟು ಗೊತ್ತಿರುವವರು ಇಲ್ಲ. ಭಾನುವಾರ ಮಾತ್ರ, ಇಂಥ ಗಿರಾಕಿಗಳನ್ನೇ ನಂಬಿಕೊಂಡಿರುವ ಏರಿಯಾಗಳಲ್ಲಿ, ಬಹಳ ಹೋಟೆಲ್‌ಗಳ ಬಾಗಿಲು ಹಾಕಿರುತ್ತದೆ. ಹೊರಡುವ ಮೊದಲು ಒಂದು ಫೋನ್ ಮಾಡಿ.

ಪ್ರಯಾಣದಲ್ಲಿ ಹೊಟ್ಟೆ ಕೆಟ್ಟವರು, ಜೊತೆಗೆ ಬಂದ ವಯಸ್ಸಾದವರು ಎರಡನೇ ದಿನ ನನ್ನ ಹತ್ತಿರ ಬಂದು "ಖಾರ ಸಾಕು" ಅಂತಾರೆ. ಅವರಿಗೆ ಕುಚ್ಚಲಕ್ಕಿ ಗಂಜಿ. ಉಪ್ಪಿನಕಾಯಿ, ಚಟ್ನಿ, ಬೇಕಾದರೆ ಒಣ ಎಟ್ಟಿಯ, ಅಂದರೆ ಸಿಗಡಿಯ, ಚಟ್ನಿ. ಗಂಜಿ ಊಟ ಅಂತಲೇ ಬೋರ್ಡ್ ಹಾಕಿರುವ ಸಣ್ಣ ಹೋಟೆಲ್‌ಗಳಿವೆ. ಅದೂ ಮಧ್ಯಾಹ್ನವೇ.

ರಾತ್ರಿಗೆ ಐಸ್‌ಕ್ರೀಮ್. ಐಡಿಯಲ್‌ನವರು 1975ರಿಂದ ಇಲ್ಲಿದ್ದಾರೆ, ಅವರ ಪಬ್ಬಾಸ್‌ನಲ್ಲಿ ಗಡ್‌ಬಡ್ ತಿನ್ನದೆ ಹೋದರೆ ಊರಿನವರು ನಿಮ್ಮನ್ನು ಬಿಡುವುದಿಲ್ಲ. ಉದ್ದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ, ಎರಡು ಮೂರು ಥರದ ಐಸ್‌ಕ್ರೀಮ್. ಊಟವಾದ ಮೇಲೆ ಇಡೀ ಊರು ಅಲ್ಲಿರುತ್ತದೆ. ಮಧ್ಯಾಹ್ನ ನಾಲ್ಕಕ್ಕೆ ಹೋದರೆ ಕೂರಲು ಜಾಗ ಸಿಗುತ್ತದೆ.

ಹೊರಡುವ ದಿನ ಎಲ್ಲರೂ ನೀರುದೋಸೆ ಪಾರ್ಸೆಲ್ ಕೇಳುತ್ತಾರೆ. ಬೇಡ. ಹಾಸನ ತಲುಪುವ ಹೊತ್ತಿಗೆ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತದೆ. ಬೆಳಗಿನ ಬನ್ಸ್ ಕಟ್ಟಿಸಿಕೊಂಡರೆ, ಬಿಸಿಯ ರುಚಿ ಇರದಿದ್ದರೂ, ಸಂಜೆವರೆಗೆ ತಡೆಯುತ್ತದೆ. ಮನೆಗೆ ಒಯ್ಯಲು ಅಂಗಡಿಗಳಲ್ಲಿ ಸಿಗುವ ಒಣ ರೊಟ್ಟಿಯ ಪ್ಯಾಕೆಟ್ ಒಳ್ಳೆಯದು, ಬಹಳ ದಿನ ಇರುತ್ತದೆ. ದಾರಿಯಲ್ಲಿ ಪುಡಿಯಾದರೂ ತಲೆ ಕೆಡಿಸಿಕೊಳ್ಳಬೇಡಿ, ಹೇಗೂ ತಟ್ಟೆಯಲ್ಲಿ ಪುಡಿ ಮಾಡಲೇಬೇಕಲ್ಲ.