ಬೆಳ್ಳಗಿನ ಮೇಣನೇ ಯಾಕ ಲಗೂ ಕೆಡ್ತದ?

ಕಲಬುರಗಿ ಬ್ಯಾಸಗಿ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ, ಏಪ್ರಿಲ್-ಮೇ ಬಂತಂದ್ರ 42-43 ಡಿಗ್ರಿ ಮಾಮೂಲಿ, ತಗಡಿನ ಶೆಡ್ ಒಳಗಂತೂ ಕೇಳಬ್ಯಾಡ್ರಿ. ಅಂಥಾ ಶೆಡ್‌ನಾಗ, ಇಲ್ಲಾ ಮನಿ ಹಿಂದಿನ ಖೋಲ್ಯಾಗ, ಮೋಂಬತ್ತಿ ಮಾಡಿ ಮಾರೋ ಮಂದಿ ನಮ್ ಕಡಿ ಇದ್ದಾರ, ಸ್ವಸಹಾಯ ಸಂಘದ ಹೆಣ್ಮಕ್ಕಳೂ ಅದರಾಗ ಬಂದ್ರು. ಅವರ ಕಡಿಂದ ಪದೇ ಪದೇ ಕೇಳಿ ಬರೋ ದೂರು ಅಂದ್ರ, ತಂದಾಗ ಮೇಣ ಹಾಲಿನಷ್ಟು ಬೆಳ್ಳಗಿತ್ತು, ಮುಂಜಾನೆಯಿಂದ ಒಲಿ ಮ್ಯಾಲ ಇಟ್ಟು ಅಚ್ಚಿಗೆ ಸುರೀತಾ ಸುರೀತಾ ಸಂಜಿ ಆಗೋದ್ರೊಳಗ ತಳದಾಗ ಉಳಿದಿದ್ದು ಹಳದಿ ತಿರುಗ್ಯದ, ಮ್ಯಾಲ ಒಂಥರಾ ಕಮಟು ವಾಸನಿ ಬ್ಯಾರೆ. ತಕ್ಷಣ ಅಂಗಡಿಯವನ್ನ ಬೈಯೋದು, ಕಲಬೆರಕಿ ಮಾಲ್ ಕೊಟ್ಟಾನ ಅಂತ. ಕಲಬೆರಕಿ ಇರಬಹುದು, ಇಲ್ಲ ಅನ್ನಂಗಿಲ್ಲ, ಆದ್ರ ಭಾಳ ಸಲ ಸಮಸ್ಯಾ ಅದರ ಉಲ್ಟಾ ಇರ್ತದ, ಮೇಣ ಜಾಸ್ತಿ ಶುದ್ಧ ಆಗಿರ್ತದ.

ಇದು ಕೇಳಕ ವಿಚಿತ್ರ ಅನಸ್ತದ, ಅದಕ್ಕ ಮೇಣ ಹುಟ್ಟೋ ಜಾಗದಿಂದ ಶುರು ಮಾಡೋಣ. ಮೋಂಬತ್ತಿಯ ಈ ಮೇಣಕ್ಕ ಪ್ಯಾರಾಫಿನ್ ಅಂತಾರ, ಅದು ಕಚ್ಚಾ ತೈಲದ ಮಗ. ಕಚ್ಚಾ ತೈಲದಿಂದ ಇಂಜಿನ್ ಆಯಿಲ್ ಮಾಡೋ ಮುಂದ ಅದರೊಳಗಿನ ಮೇಣ ತೆಗೀಲೇಬೇಕು, ಇಲ್ಲಾಂದ್ರ ಚಳಿಗಾಲದಾಗ ಎಣ್ಣಿ ಗಟ್ಟಿ ಆಗಿ ಹರಿಯೋದೇ ಇಲ್ಲ. ಹಂಗ ತೆಗೆದ ಮೇಣಕ್ಕ ಸ್ಲ್ಯಾಕ್ ವ್ಯಾಕ್ಸ್ ಅಂತಾರ, ಅದು ಕಂದು ಬಣ್ಣದ್ದು, ಕೈಗೆ ಜಿಡ್ಡು ಹತ್ತೋವಂಥದ್ದು. ಅದರ ಎಣ್ಣಿ ಹಿಂಡಿ ತೆಗೆದು, ಆಮ್ಯಾಲ ಹೈಡ್ರೋಜನ್ ಜೋಡಿ ಬಿಸಿ ಕ್ಯಾಟಲಿಸ್ಟ್ (ಕ್ರಿಯೆ ಜೋರು ಮಾಡೋ ವಸ್ತು) ಮ್ಯಾಲಿಂದ ಹಾಯಿಸಿ ಬಣ್ಣ, ವಾಸನಿ, ಗಂಧಕ ಎಲ್ಲಾ ತೆಗೀತಾರ. ಕೆಲವು ಕಡಿ ಮಣ್ಣಿನೊಳಗ ಸೋಸಿ ತೆಗಿಯೋ ಹಳೇ ಪದ್ಧತಿನೂ ಅದ. ಕಡೀಕ ಎಣ್ಣಿ ಅಂಶ ಅರ್ಧ ಪರ್ಸೆಂಟಕ್ಕಿಂತ ಕಡಿಮಿ ಉಳಿದ್ರ ಅದು ಫುಲ್ ರಿಫೈನ್ಡ್. ನಮ್ಮ ದೇಶದಾಗ ಅಸ್ಸಾಮಿನ ದಿಗ್ಬಾಯ್ ರಿಫೈನರಿ, 1901 ರಿಂದ ನಡೀತಿರೋದು, ಮೇಣಕ್ಕ ಹೆಸರುವಾಸಿ, ಅದೇ ರಾಜ್ಯದ ನುಮಾಲಿಗಡದಾಗ 2015 ರಾಗ ದೊಡ್ಡ ಮೇಣದ ಘಟಕ ಆಗ್ಯದ, ಇನ್ನು ಚೀನಾ, ಇರಾನ್‌ದಿಂದ ಬರೋ ಮಾಲೂ ಬಜಾರಿನಾಗ ಸಿಗ್ತದ. ಚೀಲದ ಮ್ಯಾಲ 58-60 ಅಂತ ಬರದಿರ್ತದಲ್ಲ, ಅದು ಕರಗೋ ಡಿಗ್ರಿ, ಕ್ವಾಲಿಟಿ ನಂಬರ್ ಅಲ್ಲ. ಭಾಳ ಮಂದಿ ದೊಡ್ಡ ನಂಬರ್ ಅಂದ್ರ ಚೊಲೋ ಮಾಲ್ ಅಂತ ತಿಳಕೊಂಡಾರ.

ಈಗ ಮಜಾ ಇರೋದು ಇಲ್ಲಿ. ಕಚ್ಚಾ ಮೇಣದೊಳಗಿನ ಆ ಕಂದು ಹೊಲಸಿನಾಗ ಗಂಧಕದ ಸಂಯುಕ್ತಗಳು, ಫಿನಾಲ್ ಜಾತಿಯ, ಅಂದ್ರ ಕಾರ್ಬನ್ ಉಂಗುರಕ್ಕ ಆಕ್ಸಿಜನ್-ಹೈಡ್ರೋಜನ್ (ಓಎಚ್) ಗುಂಪು ಅಂಟಿರೋ ಸಂಯುಕ್ತಗಳು ಇರ್ತಾವ, ಅವು ನೋಡಕ ಕೆಟ್ಟ, ವಾಸನಿಗೂ ಕೆಟ್ಟ, ಆದ್ರ ಆಕ್ಸಿಜನ್ ಬಂದು ಮೇಣಕ್ಕ ಅಂಟದಂಗ ತಡಿಯೋವು ಅವೇ. ರಿಫೈನರಿಯವರು ಬೆಳ್ಳಗ ಮಾಡೋ ಭರದಾಗ ಅವನ್ನೂ ಕಿತ್ತು ಒಗೀತಾರ. ಇದು ಮೇಣಕ್ಕಷ್ಟೇ ಅಲ್ಲ, ನಮ್ಮ ಕುಸುಬಿ ಎಣ್ಣಿದೂ ಇದೇ ರಸಾಯನಶಾಸ್ತ್ರ. ಗಾಣದ ಎಣ್ಣಿಯೊಳಗ ವಿಟಮಿನ್ ಇ, ಅಂದ್ರ ಟೊಕೊಫೆರಾಲ್ ಇರ್ತದ, ರಿಫೈನ್ ಮಾಡೋ ಮುಂದ ಅದರಾಗ ಒಂದಿಷ್ಟು ಹೋಗ್ತದ, ಅದಕ್ಕ ಕಂಪನಿಯವರು ಹೊರಗಿಂದ ತುಸು ಸೇರಿಸ್ತಾರ. ಎಣ್ಣಿ ಪಾಕೀಟು, ಚಿಪ್ಸ್ ಪಾಕೀಟು ತಿರುಗಿಸಿ ಸಣ್ಣ ಅಕ್ಷರ ಓದ್ರಿ, ಆಂಟಿಆಕ್ಸಿಡೆಂಟ್ (ಆಕ್ಸಿಜನ್‌ದಿಂದ ಕೆಡದಂಗ ತಡಿಯೋ ವಸ್ತು) 319 ಅಂತನೋ 321 ಅಂತನೋ ಇರ್ತದ. 319 ಅಂದ್ರ ಟಿಬಿಎಚ್‌ಕ್ಯೂ, 321 ಅಂದ್ರ ಬಿಎಚ್‌ಟಿ. ಈ ಎರಡನೇದೇ ಮೇಣದ ಲೋಕದಾಗೂ ರಾಜಾ.

ಮೇಣ ಕೆಡೋದು ಅಂದ್ರ ಏನು? ಮೇಣದ ಅಣು ಅಂದ್ರ ಇಪ್ಪತ್ತರಿಂದ ನಲವತ್ತು ಕಾರ್ಬನ್‌ಗಳ ಉದ್ದ ಸರಪಳಿ, ಸುತ್ತ ಹೈಡ್ರೋಜನ್. ಶಾಲಿಯೊಳಗ ಅಲ್ಕೇನ್ ಅಂತ ಓದೀವಿ, ಯಾರ ಜೋಡಿನೂ ಸೇರದ ಸಂಭಾವಿತ ಅಂತ. ಅದು ಖರೆ, ಆದ್ರ ಕಾಯಿಸಿದ್ರ, ಬಿಸಿಲಿನ ಅತಿನೇರಳೆ ಬಿದ್ರ, ಎಲ್ಲೋ ಒಂದು ಅಣು ಒಂದು ಹೈಡ್ರೋಜನ್ ಕಳಕೊಳ್ತದ. ಆಗ ಅದು ಜೋಡಿ ಇಲ್ಲದ ಎಲೆಕ್ಟ್ರಾನ್ ಹೊತ್ತ ರ‍್ಯಾಡಿಕಲ್ ಆಗ್ತದ. ಗಾಳಿಯೊಳಗಿನ ಆಕ್ಸಿಜನ್ ಅದಕ್ಕ ಕಣ್ಣುಮುಚ್ಚಿ ತಗಿಯೋದ್ರೊಳಗ ಅಂಟ್ಕೊಂಡು ಪೆರಾಕ್ಸಿ ರ‍್ಯಾಡಿಕಲ್ ಆಗ್ತದ, ಅದು ಮಗ್ಗಲಿನ ಅಣುವಿನಿಂದ ಒಂದು ಹೈಡ್ರೋಜನ್ ಕಸಗೊಂಡು ತಾನು ಹೈಡ್ರೋಪೆರಾಕ್ಸೈಡ್ ಆಗಿ ಸುಮ್ಮನಾಗ್ತದ, ಆದ್ರ ಹೈಡ್ರೋಜನ್ ಕಳಕೊಂಡ ಮಗ್ಗಲಿನವ ಈಗ ಹೊಸ ರ‍್ಯಾಡಿಕಲ್. ಹುಡುಗರ ಮುಟ್ಟಾಟ ನೋಡ್ರಿ, ಮುಟ್ಟಿಸಿಕೊಂಡವನೇ ಮತ್ತೊಬ್ಬನ್ನ ಮುಟ್ಟಕ ಓಡ್ತಾನ, ಆಟ ನಿಲ್ಲೋದೇ ಇಲ್ಲ. ಮ್ಯಾಲ ಇನ್ನೊಂದು ಕೇಡು, ಆ ಹೈಡ್ರೋಪೆರಾಕ್ಸೈಡ್ ಅನ್ನೋದು ಬಿಸಿಗೆ ಒಡದು ಎರಡು ರ‍್ಯಾಡಿಕಲ್ ಆಗ್ತದ, ಅಂದ್ರ ಆಟದಾಗ ಬೆನ್ನತ್ತೋರು ಒಬ್ರಿದ್ದೋರು ಇಬ್ರಾಗ್ತಾರ, ಇಬ್ರಿದ್ದೋರು ನಾಲ್ವರು. ತಾಮ್ರ, ಕಬ್ಬಿಣ, ಮ್ಯಾಂಗನೀಸ್ ಇದ್ರಂತೂ ಈ ಒಡೆಯೋ ಕೆಲಸ ಇನ್ನೂ ಜೋರು. ಒಡೆದ ತುಂಡುಗಳು ಕಡೀಕ ಆಲ್ಡಿಹೈಡ್, ಕೀಟೋನ್, ಆಮ್ಲ ಆಗ್ತಾವ, ಕಮಟು ವಾಸನಿ, ಹಳದಿ ಬಣ್ಣ ಎಲ್ಲಾ ಇವರ ಕಡಿಂದನೇ.

ಬಿಎಚ್‌ಟಿ ಏನು ಮಾಡ್ತದಂದ್ರ, ಮುಟ್ಟಿಸಿಕೊಂಡು ಗಿಡದ ಕೆಳಗ ಸುಮ್ನ ಕೂತುಬಿಡೋ ಹುಡುಗನ ಕೆಲಸ ಮಾಡ್ತದ. ಅದರ ಅಣುವಿನಾಗ ಒಂದು ಓಎಚ್ ಗುಂಪು ಅದ, ಅದರ ಹೈಡ್ರೋಜನ್ ಸಡಿಲ, ಪೆರಾಕ್ಸಿ ರ‍್ಯಾಡಿಕಲ್ ಬಂದ್ರ ತಾನೇ ತಗೋ ಅಂತ ಕೊಟ್ಟುಬಿಡ್ತದ. ಕೊಟ್ಟ ಮ್ಯಾಲ ತಾನೂ ರ‍್ಯಾಡಿಕಲ್ ಆಗ್ತದ ಖರೆ, ಆದ್ರ ಓಎಚ್‌ನ ಎರಡೂ ಮಗ್ಗಲಿಗೆ ದಪ್ಪನ್ನ ಬ್ಯುಟೈಲ್ ಗುಂಪುಗಳು ಕೂತಿರೋದ್ರಿಂದ ಅದು ಮತ್ತೊಂದು ಮೇಣದ ಅಣು ತಂಟೆಗೆ ಹೋಗಂಗಿಲ್ಲ, ಮ್ಯಾಲ ಎರಡನೇ ಪೆರಾಕ್ಸಿ ರ‍್ಯಾಡಿಕಲ್ ಬಂದ್ರ ಅದನ್ನೂ ಹಿಡ್ಕೊಂಡು ಮುಗಿಸ್ತದ. ಒಂದಕ್ಕ ಎರಡು.

ಎಷ್ಟು ಹಾಕಬೇಕು ಅನ್ನೋದು ಕೇಳಿದ್ರ ನಂಬೋದು ಕಷ್ಟ. ಹತ್ತಾರರಿಂದ ಒಂದಿಷ್ಟು ನೂರು ಪಿಪಿಎಂ (ಹತ್ತು ಲಕ್ಷ ಭಾಗಕ್ಕ ಇಷ್ಟು ಭಾಗ ಅನ್ನೋ ಲೆಕ್ಕ) ಸಾಕು. 100 ಪಿಪಿಎಂ ಅಂದ್ರ ಒಂದು ಟನ್ ಮೇಣಕ್ಕ 100 ಗ್ರಾಂ, ಅಂದ್ರ ಒಂದು ಹಿಡಿ. ಅಣುಗಳ ಲೆಕ್ಕ ಹಾಕಿ ನೋಡ್ರಿ: ಬಿಎಚ್‌ಟಿ ಅಣುಭಾರ 220, ಸಾಧಾರಣ 28 ಕಾರ್ಬನ್‌ನ ಮೇಣದ್ದು ಸುಮಾರು 395, ಹಂಗಾದ್ರ ಐದೂವರೆ ಸಾವಿರ ಮೇಣದ ಅಣುಗಳಿಗೆ ಒಂದೇ ಒಂದು ಕಾವಲುಗಾರ. ಇಷ್ಟು ಕಡಿಮಿ ಸಾಕಾಗೋದು ಯಾಕಂದ್ರ ಅದು ಎಲ್ಲಾ ಅಣುಗಳನ್ನ ಕಾಯಂಗಿಲ್ಲ, ಓಡ್ಯಾಡೋ ಕೆಲವೇ ರ‍್ಯಾಡಿಕಲ್‌ಗಳನ್ನ ಹಿಡೀತದ, ಒಂದನ್ನ ಹಿಡಿದ್ರ ಅದರ ಹಿಂದ ಬರೋ ಉದ್ದನ್ನ ಸಾಲೇ ನಿಲ್ತದ.

ಇದು ತಿಳಿಯಾಕ ಮನುಷ್ಯರಿಗೆ ಭಾಳ ದಿನ ಹಿಡೀತು. 1830 ರಾಗ ಜರ್ಮನಿಯ ಕಾರ್ಲ್ ಫಾನ್ ರೈಷೆನ್‌ಬಾಕ್ ಪ್ಯಾರಾಫಿನ್ ಬೇರ್ಪಡಿಸಿದ, ರ‍್ಯಾಡಿಕಲ್ ಅನ್ನೋದು ಬಿಡಿಬಿಡಿಯಾಗಿ ಬದುಕಬಲ್ಲದು ಅಂತ ಮೋಸೆಸ್ ಗೋಂಬರ್ಗ್ ತೋರಿಸಿದ್ದು 1900 ಕ್ಕ. ಮೊದಲ ಮಹಾಯುದ್ಧದಾಗ ಫ್ರಾನ್ಸಿನ ಮೂರೂ ಮತ್ತ ದ್ಯುಫ್ರೆಸ್ ಅನ್ನೋರು ಅಕ್ರೋಲಿನ್ ಅನ್ನೋ ಕಣ್ಣೀರು ಬರಿಸೋ ವಿಷ ಕೆಡದಂಗ ಇಡೋದು ಹ್ಯಾಂಗ ಅಂತ ತಲಿ ಕೆಡಿಸಿಕೊಂಡು, ಚಿಟಿಕಿ ಫಿನಾಲ್ ಜಾತಿಯ ವಸ್ತು ಹಾಕಿದ್ರ ಉಳೀತದ ಅಂತ ಕಂಡ್ಕೊಂಡ್ರು, ಅಲ್ಲಿಂದ ಆಕ್ಸಿಡೇಷನ್, ಅಂದ್ರ ಆಕ್ಸಿಜನ್ ಸೇರಿ ಕೆಡೋದನ್ನ, ತಡಿಯೋ ವಸ್ತುಗಳ ಅಭ್ಯಾಸಕ್ಕ ಇಳಿದ್ರು. ಇಷ್ಟು ಕಮ್ಮಿ ಹಾಕಿದ್ರೂ ಯಾಕ ಕೆಲಸ ಆಗ್ತದ ಅನ್ನೋದಕ್ಕ, ಇದು ಸರಪಳಿ ಕ್ರಿಯೆ ಅದ, ಕೊಂಡಿ ಕಡಿದ್ರ ಸಾಕು ಅಂತ ಸ್ವೀಡನ್ನಿನ ಬೆಕ್‌ಸ್ಟ್ರೋಮ್ 1927 ರ ಹೊತ್ತಿಗೆ ಹೇಳಿದ.

ನನಗ ಇದರಾಗ ಎಲ್ಲಕ್ಕಿಂತ ಮುಖ್ಯ ಅನಸೋದು ಡೋಸ್ ಅಲ್ಲ, ಹೊತ್ತು. ಬಿಎಚ್‌ಟಿ ಕೆಟ್ಟ ಮೇಣ ಚೊಲೋ ಮಾಡಂಗಿಲ್ಲ, ಹಳದಿ ಆದದ್ದನ್ನ ಬಿಳಿ ಮಾಡಂಗಿಲ್ಲ, ಅದು ಟೈಮ್ ಕೊಡ್ತದ ಅಷ್ಟೇ. ಅದು ಇರೋತನಕ ಮೇಣದಾಗ ಏನೂ ಬದಲಾವಣಿ ಕಾಣಂಗಿಲ್ಲ, ತಾನು ಒಂದೊಂದೇ ಖರ್ಚಾಗ್ತಿರ್ತದ, ಪೂರಾ ಮುಗಿದ ಮರುಗಳಿಗಿನೇ ಪೆರಾಕ್ಸೈಡ್ ಸರ್ರನೆ ಏರ್ತದ. ಹಂಗಾಗಿ ರಿಫೈನರಿಯವರು ಇದನ್ನ ಹೈಡ್ರೋಜನ್ ಹಂತ ಮುಗಿದ ಕೂಡ್ಲೇ, ಮೇಣ ಇನ್ನೂ ಬಿಸಿ ಇರೋ ಮುಂದ, ಟ್ಯಾಂಕಿಗೆ ಹೋಗೋ ಪೈಪಿನೊಳಗನೇ ಬೆರೆಸ್ತಾರ, ಟ್ಯಾಂಕಿನ ಮ್ಯಾಲ ಖಾಲಿ ಜಾಗದಾಗ ನೈಟ್ರೋಜನ್ ತುಂಬಿ ಗಾಳಿ ಹೊರಗಿಡೋದೂ ಉಂಟು. ತಡ ಮಾಡಿ ಹಾಕಿದ್ರ ಅಷ್ಟೊತ್ತಿಗೆ ಹುಟ್ಟಿದ ಹೈಡ್ರೋಪೆರಾಕ್ಸೈಡ್ ಒಡದು ಒಡದು ಹೊಸ ರ‍್ಯಾಡಿಕಲ್ ಕೊಡ್ತಾನೇ ಇರ್ತದ, ಪಾಪ ಬಿಎಚ್‌ಟಿ ಅದನ್ನ ಹಿಡಿಯೋದ್ರಾಗೇ ಸವೀತದ. ಅಂಥಾ ಕಡಿ ಫಾಸ್ಫೈಟ್ ಅಥವಾ ಗಂಧಕ ಇರೋ ಎಸ್ಟರ್ ಜಾತಿಯ ಜೊತಿಗಾರರನ್ನ ಕೂಡಿಸ್ತಾರ, ಅವು ಹೈಡ್ರೋಪೆರಾಕ್ಸೈಡ್‌ನ ರ‍್ಯಾಡಿಕಲ್ ಮಾಡದೇ ನೇರ ನಿರುಪದ್ರವಿ ಆಲ್ಕೋಹಾಲ್ ಮಾಡಿ ಬಿಡ್ತಾವ.

ಕೆಟ್ಟದ್ದು ಎಷ್ಟು ಅಂತ ತಿಳಿಯೋ ಪರೀಕ್ಷಾ ನಮ್ಮ ಬಿಎಸ್ಸಿ ಹುಡುಗರು ಲ್ಯಾಬಿನಾಗ ಮಾಡೋವಂಥದ್ದೇ. ಮೇಣ ದ್ರಾವಕದಾಗ ಕರಗಿಸಿ ಪೊಟ್ಯಾಷಿಯಂ ಅಯೋಡೈಡ್ ಹಾಕಿದ್ರ, ಒಳಗಿದ್ದ ಪೆರಾಕ್ಸೈಡ್ ಅಯೋಡಿನ್ ಬಿಡಿಸ್ತದ, ಅದನ್ನ ಸೋಡಿಯಂ ಥಯೋಸಲ್ಫೇಟ್ ಜೋಡಿ ಟೈಟ್ರೇಟ್ ಮಾಡೋದು, ಅಂದ್ರ ಹನಿ ಹನಿ ಹಾಕಿ ಅಳಿಯೋದು, ಕೊನೀಗೆ ಸ್ಟಾರ್ಚಿನ ನೀಲಿ ಹೋದ್ರ ಮುಗೀತು. ಮೇಣಕ್ಕಂತನೇ ಇದರ ಪದ್ಧತಿ ಅಮೆರಿಕದ ಮಾನಕ ಸಂಸ್ಥೆಯ ಎಎಸ್‌ಟಿಎಂ ಡಿ1832 ಅನ್ನೋ ನಂಬರಿನಾಗ ಅದ. ಕಣ್ಣಿಗೆ ಬಿಳಿ ಕಾಣೋ ಮೇಣದಾಗೂ ಪೆರಾಕ್ಸೈಡ್ ಏರಿರಬಹುದು, ಬಣ್ಣ ಬರೋದು ಆಮ್ಯಾಲ, ಹಂಗಾಗಿ ಬರೇ ಬಣ್ಣ ನೋಡಿ ಖರೀದಿ ಮಾಡೋರು ಮೋಸ ಹೋಗ್ತಾರ.

ಹಂಗಂತ ಹೆಚ್ಚು ಹಾಕಿದ್ರ ಹೆಚ್ಚು ಚೊಲೋ ಅಂತ ಹಿಡಿಗಟ್ಲೆ ಹಾಕೋ ಬುದ್ಧಿ ಬ್ಯಾಡ. ಬಿಎಚ್‌ಟಿ ತಾನೇ ಆಕ್ಸಿಡೈಸ್ ಆಗಿ ಸ್ಟಿಲ್ಬೀನ್ ಕ್ವಿನೋನ್ ಅನ್ನೋ ಹಳದಿ ವಸ್ತು ಆಗ್ತದ, ಪಾಲಿಥಿನ್ ಚೀಲದಾಗ ಇಟ್ಟ ಬಿಳಿ ಬಟ್ಟಿ ಸುಮ್ಸುಮ್ನ ಹಳದಿ ಕಲಿ ಆಗೋದಕ್ಕ ಭಾಳ ಸಲ ಇದೇ ಕಾರಣ. ಹಳದಿ ತಡಿಯಾಕ ಹಾಕಿದ್ದೇ ಹಳದಿ! ಮತ್ತ ಅದು ಬಿಸಿಗೆ ಆವಿ ಆಗಿನೂ ಹೋಗ್ತದ, ದಿನವಿಡೀ ಕುದಿಯೋ ಪಾತ್ರಿಯಿಂದ ಒಂದಿಷ್ಟು ಗಾಳಿಗೇ ಹೋಗ್ತದ. ತುಟಿಗೆ ಹಚ್ಚೋ ಬಾಮ್, ತಿನ್ನೋ ಪದಾರ್ಥಕ್ಕ ಸುತ್ತೋ ಮೇಣ, ಇವಕ್ಕೆಲ್ಲಾ ವಿಟಮಿನ್ ಇ ಬಳಸೋದು ಹೆಚ್ಚಾಗ್ಯದ, ಮಂದಿಗೆ ಆ ಹೆಸರು ಕೇಳಿದ್ರ ಧೈರ್ಯ, ಆದ್ರ ಕೆಲಸದ ರೀತಿ ಅದೇ, ಅದೂ ಒಂದು ಫಿನಾಲೇ.

ಇದೇ ಆಕ್ಸಿಡೇಷನ್ ಮತ್ತೊಂದು ಕಡಿ ದುಡಿಮಿಗೂ ಬಂದದ. ಎರಡನೇ ಮಹಾಯುದ್ಧದಾಗ ಜರ್ಮನಿಗೆ ಎಣ್ಣಿ-ಕೊಬ್ಬಿನ ಬರ ಬಿದ್ದಾಗ, ಕಲ್ಲಿದ್ದಲಿನಿಂದ ಮಾಡಿದ ಮೇಣಕ್ಕ ಬೇಕಂತನೇ ಬಿಸಿ ಗಾಳಿ ಊದಿ, ಪೊಟ್ಯಾಷಿಯಂ ಪರ್ಮ್ಯಾಂಗನೇಟ್ ಕ್ಯಾಟಲಿಸ್ಟ್ ಹಾಕಿ, ಅದನ್ನ ಕೊಬ್ಬಿನ ಆಮ್ಲ ಮಾಡಿ ಸಾಬೂನು ತಯಾರಿಸಿದ್ರು, ರೂರ್ ಪ್ರದೇಶದ ವಿಟ್ಟೆನ್ ಅನ್ನೋ ಊರಾಗ ಅದರಿಂದ ತಿನ್ನೋ ಬೆಣ್ಣಿ ಥರದ್ದೂ ಮಾಡಿದ್ರು. ಹಂಗ ಆಕ್ಸಿಡೈಸ್ ಮಾಡಿದ ಮೇಣ ಇವತ್ತೂ ಪಾಲಿಶ್‌ನಾಗ ಬಳಕಿ ಅದ, ಯಾಕಂದ್ರ ಅದು ನೀರಿನ ಜೋಡಿ ಬೆರೀತದ. ನಮ್ಮ ಬೀದರಿನ ಬಿದ್ರಿ ಕೆಲಸದೋರೂ ಕೆತ್ತೋ ಮುಂದ ಸಾಮಾನು ಅಲುಗಾಡಬಾರದಂತ ಮೇಣದ ಮ್ಯಾಲ ಕೂರಿಸ್ತಾರ, ಅಲ್ಲಿ ಮೇಣ ಕಂದಾದ್ರ ಯಾರಿಗೂ ನಷ್ಟಿಲ್ಲ, ಹಿಡ್ಕೊಂಡ್ರ ಸಾಕು.

ಮೋಂಬತ್ತಿಯವರಿಗೆ ಹಂಗಲ್ಲ. ಹಳೇ ಮೇಣದ ಸ್ಲ್ಯಾಬ್ ಒಂದನ್ನ ಮುರಿದು ನೋಡ್ರಿ, ಬಿಸಿಲು ಬಿದ್ದ ಮಗ್ಗಲಿನ ಅಂಚು ಕೆನಿ ಬಣ್ಣ ತಿರುಗಿರ್ತದ, ಮುರಿದ ಒಳಗಿನ ಮುಖ ಬೆಳ್ಳಗೇ ಇರ್ತದ. ಗಟ್ಟಿ ಮೇಣದೊಳಗ ಆಕ್ಸಿಜನ್ ಸುಲಭಕ್ಕ ನುಸುಳಂಗಿಲ್ಲ, ಅಂದ್ರ ಗೋದಾಮಿನ 43 ಡಿಗ್ರಿಗಿಂತ ಒಲಿ ಮ್ಯಾಲಿನ ಕರಗಿದ ಮೇಣದಾಗೇ ಹೆಚ್ಚು ಹಾನಿ ಆಗೋದು. ಹತ್ತು ಡಿಗ್ರಿ ಏರಿದ್ರ ಕ್ರಿಯೆ ಅಂದಾಜು ಎರಡು ಪಟ್ಟು ವೇಗ ಅನ್ನೋ ಲೆಕ್ಕ ಹಿಡಿದ್ರ, 70 ರಾಗ ಇಡೋ ಬದಲಿ 110 ಕ್ಕ ಏರಿಸಿದ್ರ ಹದಿನಾರು ಪಟ್ಟು. ನೇರ ಬೆಂಕಿ ಮ್ಯಾಲ ಇಡದೇ ನೀರಿನ ಪಾತ್ರಿಯೊಳಗ ಇಟ್ಟು ಕರಗಿಸಿದ್ರ 100 ದಾಟೋ ಮಾತೇ ಇಲ್ಲ. ತಾಮ್ರದ್ದು, ಹಿತ್ತಾಳಿದು, ತುಕ್ಕು ಹಿಡಿದ ಕಬ್ಬಿಣದ್ದು ಪಾತ್ರಿ ಬ್ಯಾಡ, ಸ್ಟೀಲ್ ಇರಲಿ. ಬೇಕಾದಷ್ಟೇ ಕರಗಿಸ್ರಿ, ನಿನ್ನಿದು ಉಳಿದಿದ್ದು ಇವತ್ತಿನ ಹೊಸ ಮೇಣದಾಗ ಸುರದ್ರ ನಿನ್ನಿನ ಪೆರಾಕ್ಸೈಡ್ ಇವತ್ತಿನದಕ್ಕ ಬೀಜ ಹಾಕ್ದಂಗ. ಮೇಣಕ್ಕ ಆಂಟಿಆಕ್ಸಿಡೆಂಟ್ ಹಾಕ್ಯಾರೋ ಇಲ್ಲೋ ಅಂಗಡ್ಯಾಗ ಕೇಳ್ರಿ, ಇಲ್ಲಾಂದ್ರ 10 ಕೆಜಿಗೆ 1 ಗ್ರಾಂ ಬಿಎಚ್‌ಟಿ, ಮೊದಲ ಸಲ ಕರಗಿಸೋ ಮುಂದನೇ. ಅದು 70 ಡಿಗ್ರಿಗೆ ಕರಗ್ತದ, ತುಸು ಬಿಸಿ ಮೇಣದಾಗ ಕಲಿಸಿ ಆಮ್ಯಾಲ ದೊಡ್ಡ ಪಾತ್ರಿಗೆ ಸುರೀರಿ.

ಮತ್ತ ವೆನಿಲ್ಲಾ ವಾಸನಿ ಮೋಂಬತ್ತಿ ಮಾಡೋರು ಈ ಪುಡಿ ಮ್ಯಾಲ ಭರವಸಿ ಇಡಬ್ಯಾಡ್ರಿ. ಅಲ್ಲಿ ಕಂದು ಬರೋದು ಮೇಣ ಕೆಟ್ಟು ಅಲ್ಲ, ಆ ವಾಸನಿ ಕೊಡೋ ವೆನಿಲಿನ್‌ನಿಂದ, ಬಿಎಚ್‌ಟಿ ಎಷ್ಟು ಹಾಕಿದ್ರೂ ಅದು ಅಷ್ಟಾಗಿ ಕೇಳಂಗಿಲ್ಲ. ಅದೇ ರೀತಿ ಅಂಗಡಿ ಗಾಜಿನ ಮುಂದ ಇಟ್ಟ ಕೆಂಪು, ನೀಲಿ ಮೋಂಬತ್ತಿ ಬಣ್ಣ ಹಾರೋದು ಬಿಸಿಲಿಗೆ, ಅದಕ್ಕ ಬೆಂಜೋಟ್ರಯಜೋಲ್ ಜಾತಿಯ ಅತಿನೇರಳೆ ಹೀರೋ ಪುಡಿ ಬೇರೆನೇ ಬರ್ತದ, ಇಲ್ಲಾ ಮೋಂಬತ್ತಿ ತಗದು ಒಳಗಿನ ಕಪಾಟಿನಾಗ ಇಡ್ರಿ, ಅದು ಪುಕಟ್.