ಪರಿವರ್ತನೆ ನಿಂತದ್ದು ಓದುವಲ್ಲೋ, ಬರೆಯುವಲ್ಲೋ?

ಆಡಿಯೊ ಫೈಲೊಂದು ಬೇಕಾದ ಫಾರ್ಮ್ಯಾಟಿಗೆ ಬದಲಾಗದೆ ನಡುವೆಯೇ ನಿಂತಾಗ ಹೊಸಬರು ಮೊದಲು ಮಾಡುವುದು ಬೇರೊಂದು ಕನ್ವರ್ಟರ್ ಹುಡುಕುವ ಕೆಲಸ. ಅದೂ ಕೈಕೊಟ್ಟರೆ ಮೂರನೆಯದು, ಅದರಿಂದಲೂ ಆಗದಿದ್ದರೆ ಫೈಲೇ ಹಾಳಾಗಿದೆ ಎಂಬ ತೀರ್ಮಾನ. ಹಳೆಯ ಧ್ವನಿಮುದ್ರಣಗಳನ್ನು ಜೋಪಾನ ಮಾಡುವ ಕೆಲಸದಲ್ಲಿರುವ ನನ್ನ ಬಳಿಗೆ ಇಂಥ ಫೈಲುಗಳು ಆಗಾಗ ಬರುತ್ತವೆ. ಹಾಳಾಗಿದೆ ಎಂದು ತಂದವುಗಳಲ್ಲಿ ಹೆಚ್ಚಿನವು ಹಾಳಾಗಿರುವುದಿಲ್ಲ. ತೊಡಕು ಯಾವ ಹಂತದಲ್ಲಿದೆ ಎಂದು ಯಾರೂ ನೋಡಿರುವುದಿಲ್ಲ, ಅಷ್ಟೆ.

ಪರಿವರ್ತನೆ ಒಂದೇ ಕೆಲಸದಂತೆ ಕಂಡರೂ ಒಳಗೆ ನಡೆಯುವುದು ಎರಡು. ಮೊದಲು ಮೂಲ ಫೈಲನ್ನು ಓದಿ, ಅದರಲ್ಲಿ ಅಡಕವಾಗಿರುವ ಧ್ವನಿಯನ್ನು ಬಿಚ್ಚಿ ಬರಿಯ ಸ್ಯಾಂಪಲ್‌ಗಳ, ಎಂದರೆ ಕ್ಷಣಕ್ಷಣದ ಧ್ವನಿಯನ್ನು ಅಳೆದಿಟ್ಟ ಸಂಖ್ಯೆಗಳ, ಸಾಲನ್ನಾಗಿ ಮಾಡಬೇಕು, ಅಂದರೆ ಡಿಕೋಡ್. ಆಮೇಲೆ ಆ ಸಾಲನ್ನು ಹೊಸ ಫಾರ್ಮ್ಯಾಟಿನ ನಿಯಮಕ್ಕೆ ತಕ್ಕಂತೆ ಮತ್ತೆ ಅಡಕಗೊಳಿಸಿ ಬರೆಯಬೇಕು, ಅಂದರೆ ಎನ್‌ಕೋಡ್. ಸೋಲು ಇವೆರಡರಲ್ಲಿ ಎಲ್ಲಿ ಆಯಿತೆಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ: ನಿಮಗೆ ಬೇಕಿರುವುದು ಯಾವ ಫಾರ್ಮ್ಯಾಟೇ ಆಗಿರಲಿ, ಮೊದಲು ಅದೇ ಫೈಲನ್ನು ಸ್ಯಾಂಪಲ್‌ಗಳನ್ನು ಅಡಕಗೊಳಿಸದೆ ಹಾಗೆಯೇ ಇಡುವ ಸಾದಾ ವೇವ್‌ಗೆ ಬದಲಿಸಿ ನೋಡಿ. ವೇವ್ ಬಂದು, ಕೇಳಿದಾಗ ಸರಿಯಾಗಿದ್ದರೆ ಓದುವ ಹಂತ ನೆಟ್ಟಗಿದೆ, ತೊಂದರೆ ಬರೆಯುವ ಹಂತದ ಸೆಟ್ಟಿಂಗ್‌ಗಳಲ್ಲಿದೆ. ವೇವ್ ಕೂಡ ಬರದಿದ್ದರೆ ಎನ್‌ಕೋಡರ್‌ನ ಆಯ್ಕೆಗಳನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಮೂಲ ಫೈಲಿನತ್ತಲೇ ತಿರುಗಬೇಕು.

ಮೂಲ ಫೈಲಿನಲ್ಲಿ ನಾನು ಅತಿ ಹೆಚ್ಚು ಕಂಡ ದೋಷವೆಂದರೆ ಹೆಸರಿನದು. ಹೆಸರಿನ ಕೊನೆಯಲ್ಲಿ ಎಂಪಿ3 ಎಂದಿದ್ದ ಮಾತ್ರಕ್ಕೆ ಒಳಗಿರುವುದು ಎಂಪಿ3 ಆಗಬೇಕಿಲ್ಲ. ಯಾರೋ ಎಂದೋ ಎಕ್ಸ್‌ಟೆನ್ಷನ್ ತಿದ್ದಿ, ಅದನ್ನೇ ಪರಿವರ್ತನೆ ಎಂದು ಭಾವಿಸಿರಬಹುದು. ಒಮ್ಮೆ ನನ್ನ ಕೈಗೆ ಬಂದ ಎಂಪಿ3 ಫೈಲನ್ನು ಅದರೊಳಗಿನ ಬೈಟ್‌ಗಳನ್ನು ಇದ್ದ ಹಾಗೆ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದಾಗ ಮೊದಲ ಸಾಲಿನಲ್ಲೇ ಎಎಂಆರ್ ಎಂಬ ಗುರುತು ಕಂಡಿತು. ಅದು ಹಳೆಯ ಫೋನ್‌ಗಳು ಕರೆಯ ಧ್ವನಿಯನ್ನು ಉಳಿಸುತ್ತಿದ್ದ, ಸೆಕೆಂಡಿಗೆ 8,000 ಸ್ಯಾಂಪಲ್‌ಗಳಷ್ಟೇ ಇರುವ ಫಾರ್ಮ್ಯಾಟ್. ವಿಎಲ್‌ಸಿಯಂಥ ಪ್ಲೇಯರ್ ಫೈಲಿನ ಒಳಗನ್ನೇ ನೋಡುವುದರಿಂದ ಅದನ್ನು ನುಡಿಸಿತ್ತು. ಕನ್ವರ್ಟರ್ ಎಕ್ಸ್‌ಟೆನ್ಷನ್ ನಂಬಿ ಎಂಪಿ3 ಡಿಕೋಡರ್ ಹಚ್ಚಿ ಸೋತಿತ್ತು. ಸರಿಯಾದ ಎಕ್ಸ್‌ಟೆನ್ಷನ್ ಕೊಟ್ಟೊಡನೆ ಕೆಲಸ ಮುಗಿಯಿತು. ಹೆಕ್ಸ್ ಎಡಿಟರ್ ಎಲ್ಲರಿಗೂ ಒಗ್ಗುವುದಿಲ್ಲ, ಆದುದರಿಂದ ಹೊಸಬರಿಗೆ ನಾನು ಸೂಚಿಸುವುದು ಉಚಿತವಾಗಿ ಸಿಗುವ ಮೀಡಿಯಾಇನ್ಫೊ. ಫೈಲನ್ನು ಅದಕ್ಕೆ ಕೊಟ್ಟರೆ ಕಂಟೇನರ್ ಯಾವುದು, ಕೋಡೆಕ್ ಯಾವುದು, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್) ಮತ್ತು ಚಾನೆಲ್‌ಗಳೆಷ್ಟು ಎಂಬುದನ್ನೆಲ್ಲ ತೋರಿಸುತ್ತದೆ. ಕಂಟೇನರ್ ಎಂದರೆ ಡಬ್ಬಿ, ಕೋಡೆಕ್ ಎಂದರೆ ಡಬ್ಬಿಯೊಳಗಿನ ಸಾಮಾನನ್ನು ಮಡಿಸಿಟ್ಟ ಬಗೆ. ಎಂ4ಎ ಎಂಬ ಒಂದೇ ಡಬ್ಬಿಯಲ್ಲಿ ಎಎಸಿ ಇರಬಹುದು, ಗುಣಮಟ್ಟ ಕಳೆಯದ ಆಪಲ್ ಲಾಸ್‌ಲೆಸ್ ಕೂಡ ಇರಬಹುದು. ಆಗ್ ಎಂಬ ಇನ್ನೊಂದು ಡಬ್ಬಿಯಲ್ಲಿ ವೋರ್ಬಿಸ್ ಕೋಡೆಕ್ ಇರಬಹುದು, ಓಪಸ್ ಇರಬಹುದು. ಆದುದರಿಂದ ಒಂದು ಎಂ4ಎ ಬದಲಾಗಿ ಇನ್ನೊಂದು ಬದಲಾಗದಿದ್ದರೆ ಆಶ್ಚರ್ಯಪಡಬೇಕಿಲ್ಲ.

ನಿಜವಾಗಿಯೂ ಪೆಟ್ಟು ತಿಂದ ಫೈಲುಗಳೂ ಇವೆ. ಒಂದೂವರೆ ಗಂಟೆಯ ಸಂದರ್ಶನವನ್ನು ಫೋನಿನಲ್ಲಿ ಮುದ್ರಿಸುತ್ತಿದ್ದಾಗ ಕೊನೆಯಲ್ಲಿ ಬ್ಯಾಟರಿ ಮುಗಿದು, ಉಳಿದ ಎಂ4ಎ ಯಾವ ಪ್ಲೇಯರ್‌ನಲ್ಲೂ ತೆರೆಯದೆ ಹೋದದ್ದು ನನಗೇ ಆದ ಅನುಭವ. ಫೈಲಿನ ಗಾತ್ರ ಮಾತ್ರ ಇರಬೇಕಾದಷ್ಟೇ ಇತ್ತು. ಈ ಫಾರ್ಮ್ಯಾಟಿನಲ್ಲಿ ಯಾವ ಧ್ವನಿ ಎಲ್ಲಿದೆ ಎಂದು ಹೇಳುವ ‘ಮೂವ್’ ಎಂಬ ಸೂಚಿಯನ್ನು ರೆಕಾರ್ಡರ್‌ಗಳು ಸಾಮಾನ್ಯವಾಗಿ ಮುದ್ರಣ ಮುಗಿದ ಮೇಲೆ ಬರೆಯುತ್ತವೆ. ನಡುವೆ ವಿದ್ಯುತ್ ಹೋದರೆ ಧ್ವನಿ ಉಳಿದು ಸೂಚಿ ಇಲ್ಲವಾಗುತ್ತದೆ. ಕನ್ವರ್ಟರ್ ‘ಮೂವ್ ಸಿಗಲಿಲ್ಲ’ ಎಂದು ದೂರಿದರೆ ಇದೇ ಅರ್ಥ. ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಮುದ್ರಿಸಿದ ಇನ್ನೊಂದು ಸರಿಯಾದ ಫೈಲನ್ನು ಮಾದರಿಯಾಗಿ ಕೊಟ್ಟರೆ ಸೂಚಿಯನ್ನು ಮತ್ತೆ ಕಟ್ಟಲು ಯತ್ನಿಸುವ ಅನ್‌ಟ್ರಂಕ್‌ನಂಥ ತಂತ್ರಾಂಶಗಳಿವೆ, ನನ್ನ ಸಂದರ್ಶನ ಬದುಕಿದ್ದು ಹಾಗೆ. ಇಂಥ ಫೈಲನ್ನು ದಯವಿಟ್ಟು ಅಳಿಸಬೇಡಿ. ದುರಸ್ತಿಯನ್ನೂ ಅದರ ಪ್ರತಿಯ ಮೇಲಷ್ಟೇ ಮಾಡಿ. ಇನ್ನು ಖರೀದಿಸಿದ ಹಳೆಯ ಎಂ4ಪಿ ಹಾಡುಗಳಂತೆ ಬೀಗ ಹಾಕಿದ ಫೈಲುಗಳು ಸಾಮಾನ್ಯ ಕನ್ವರ್ಟರ್‌ಗೆ ಬಗ್ಗುವುದಿಲ್ಲ, ಅದು ಫೈಲಿನ ದೋಷವೂ ಅಲ್ಲ.

ವೇವ್ ಪರೀಕ್ಷೆ ಗೆದ್ದಿತೆನ್ನಿ. ಆಗ ನೋಡಬೇಕಾದದ್ದು ಹೊಸ ಫಾರ್ಮ್ಯಾಟ್ ಏನನ್ನು ಒಪ್ಪುತ್ತದೆ ಎಂಬುದನ್ನು. ಎಂಪಿ3ಗೆ 48,000 ಹರ್ಟ್ಸ್‌ಗಿಂತ ಹೆಚ್ಚಿನ ಸ್ಯಾಂಪಲ್ ರೇಟ್ ಇಲ್ಲ, ವಾಡಿಕೆಯ ಎಂಪಿ3 ಎರಡಕ್ಕಿಂತ ಹೆಚ್ಚು ಚಾನೆಲ್ ಹೊರುವುದೂ ಇಲ್ಲ. ಸ್ಟುಡಿಯೊದ 96,000 ಹರ್ಟ್ಸ್ ಫೈಲನ್ನೋ ಸಿನಿಮಾದಿಂದ ತೆಗೆದ ಆರು ಚಾನೆಲ್‌ನ ಧ್ವನಿಯನ್ನೋ ಕೊಟ್ಟರೆ ಕೆಲವು ಕನ್ವರ್ಟರ್‌ಗಳು ತಾವಾಗಿಯೇ ಇಳಿಸಿಕೊಳ್ಳುತ್ತವೆ, ಕೆಲವು ನಿಂತುಬಿಡುತ್ತವೆ. ನಿಂತಾಗ 44,100 ಅಥವಾ 48,000 ಹರ್ಟ್ಸ್ ಮತ್ತು ಸ್ಟೀರಿಯೊ ಎಂದು ನೀವೇ ಆರಿಸಿಕೊಡಿ. ಹೊಸಬರನ್ನು ತುಂಬ ಕಾಡುವ ಇನ್ನೊಂದು ಸಂಗತಿ ಹಾಡಿನೊಳಗೆ ಅಂಟಿಸಿದ ಮುಖಚಿತ್ರ. ಪರಿವರ್ತನೆಗೆ ಬಳಸುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಆ ಚಿತ್ರವನ್ನು ವಿಡಿಯೊ ಎಂದು ಎಣಿಸುತ್ತದೆ. ಎಂಪಿ3ಯನ್ನು ಎಂ4ಎ ಮಾಡಹೊರಟಾಗ ಚಿತ್ರವನ್ನೂ ವಿಡಿಯೊ ಕೋಡೆಕ್‌ಗೆ ಬದಲಿಸಲು ಹೋಗಿ, ಆ ಡಬ್ಬಿ ಅದನ್ನು ಒಪ್ಪದೆ, ಇಡೀ ಕೆಲಸ ನಿಲ್ಲಬಹುದು. ಬರುವ ದೂರಿನಲ್ಲಿ ಎಚ್264 ಎಂಬ ವಿಡಿಯೊ ಕೋಡೆಕ್‌ನ ಹೆಸರಿರುವುದರಿಂದ ಹಾಡಿಗೂ ಅದಕ್ಕೂ ಏನು ಸಂಬಂಧ ಎಂದು ದಿಕ್ಕು ತೋಚದಂತಾಗುತ್ತದೆ. ವಿಡಿಯೊ ಬೇಡ ಎಂಬ ಆಯ್ಕೆಯನ್ನು ಸೇರಿಸಿದರೆ ಸಾಕು.

ಉದ್ದನೆಯ ಮುದ್ರಣಗಳಲ್ಲಿ ಗಾತ್ರವೇ ಅಡ್ಡಬರುತ್ತದೆ. ವೇವ್ ತನ್ನ ಗಾತ್ರವನ್ನು 32 ಬಿಟ್‌ನ ಸಂಖ್ಯೆಯಲ್ಲಿ ಬರೆದಿಡುವುದರಿಂದ 4 ಜಿಬಿ ಅದರ ಮಿತಿ: ಸಿಡಿ ಗುಣಮಟ್ಟದ ಸ್ಟೀರಿಯೊದಲ್ಲಿ ಅದು ಸುಮಾರು ಆರೂಮುಕ್ಕಾಲು ಗಂಟೆ, 96,000 ಹರ್ಟ್ಸ್ 24 ಬಿಟ್‌ನಲ್ಲಿ ಎರಡು ಗಂಟೆಗಿಂತ ತುಸು ಹೆಚ್ಚು. ಅದನ್ನು ಮೀರುವಂತಿದ್ದರೆ ಗುಣಮಟ್ಟ ಕಳೆಯದೆ ಅಡಕಗೊಳಿಸುವ ಫ್ಲ್ಯಾಕ್ ಅಥವಾ ವೇವ್‌ನದೇ ದೊಡ್ಡ ಗಾತ್ರದ ರೂಪವಾದ ಆರ್‌ಎಫ್64 ಆರಿಸಿಕೊಳ್ಳಿ. ಡಿಸ್ಕ್‌ನಲ್ಲಿ ಜಾಗವಿದೆಯೇ, ಫೋಲ್ಡರ್‌ನಲ್ಲಿ ಬರೆಯಲು ಅನುಮತಿ ಇದೆಯೇ, ಹೆಸರು ವಿಪರೀತ ಉದ್ದವಾಗಿದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡಿ.

ನನಗೆ ಹೆಚ್ಚು ಆತಂಕವಾಗುವುದು ದೂರನ್ನೇ ಹೇಳದೆ ಸೋಲುವ ಪರಿವರ್ತನೆಯಿಂದ. ‘ಯಶಸ್ವಿ’ ಎಂದು ತೋರಿಸಿದ ಫೈಲು ಅರ್ಧಕ್ಕೇ ಮುಗಿದಿರಬಹುದು. ಆದುದರಿಂದ ಮೂಲದ ಮತ್ತು ಹೊಸದರ ಅವಧಿಯನ್ನು ಹೋಲಿಸಿ, ಕೊನೆಯ ಹತ್ತು ಸೆಕೆಂಡನ್ನು ಕಿವಿಯಿಂದಲೇ ಕೇಳಿ. ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಬಿಟ್‌ಗಳ ಸಂಖ್ಯೆ) ಏರಿಳಿಯುವ ಎಂಪಿ3ಗಳಲ್ಲಿ ಆರಂಭದ ಮಾಹಿತಿ ಇಲ್ಲದಿದ್ದರೆ ಪ್ಲೇಯರ್ ಅವಧಿಯನ್ನು ಅಂದಾಜಿನಲ್ಲಿ ತೋರಿಸುವುದುಂಟು. ಸಂಖ್ಯೆ ಹೊಂದದೆಯೂ ಕೊನೆಯ ಮಾತು ಪೂರ್ತಿ ಕೇಳಿಸಿದರೆ ಫೈಲು ಸರಿಯಾಗಿಯೇ ಇದೆ.