ಒಟ್ಟು ರೋಧ ಸರಿ ಬಂದರೂ ಕರೆಂಟ್ ಲೆಕ್ಕ ಯಾಕೆ ತಪ್ಪುತ್ತದೆ?

ಪ್ರಶ್ನೆ: ಸರಣಿ (ಒಂದರ ಹಿಂದೆ ಒಂದು), ಸಮಾಂತರ (ಅಕ್ಕಪಕ್ಕದ ಕವಲುಗಳು) ಎರಡೂ ಸೇರಿದ ಮಂಡಲದಲ್ಲಿ (ಸರ್ಕ್ಯೂಟ್) ಒಟ್ಟು ರೋಧ ಕಂಡುಹಿಡಿಯುವುದು ಬರುತ್ತದೆ. ಆದರೆ ಒಂದೊಂದು ರೋಧಕದಲ್ಲೂ ಎಷ್ಟು ಕರೆಂಟ್ ಹರಿಯುತ್ತದೆ ಅಂತ ಕೇಳಿದರೆ ತಪ್ಪಾಗುತ್ತದೆ. ಎಲ್ಲಿ ಎಡವುತ್ತಿದ್ದೇನೆ?

ಮೊನ್ನೆ ನಮ್ಮಕ್ಕನ ಮಗಳು ಇದೇ ಲೆಕ್ಕ ಹಿಡಿದುಕೊಂಡು ಬಂದಿದ್ದಳು. ಹತ್ತನೇ ಕ್ಲಾಸು. ಅಳಿಸಿ ಅಳಿಸಿ ಹಾಳೆ ಒಂದು ಕಡೆ ತೂತೇ ಬಿದ್ದಿತ್ತು. ಲೆಕ್ಕ ಹೀಗಿದೆ: 10 ವೋಲ್ಟ್ ಬ್ಯಾಟರಿ, ಅದಕ್ಕೆ ಸರಣಿಯಲ್ಲಿ 2 ಓಮ್ ರೋಧಕ, ಅದನ್ನು ದಾಟಿದ ಮೇಲೆ ದಾರಿ ಎರಡಾಗಿ ಒಂದರಲ್ಲಿ 4 ಓಮ್, ಇನ್ನೊಂದರಲ್ಲಿ 12 ಓಮ್, ಆಮೇಲೆ ಎರಡೂ ಸೇರಿ ಬ್ಯಾಟರಿಗೆ ವಾಪಸ್.

ಅವಳು 10ನ್ನು 4ರಿಂದ ಭಾಗಿಸಿ 2.5 ಆಂಪಿಯರ್ ಅಂತ ಬರೆದಿದ್ದಳು. 10ನ್ನು 12ರಿಂದ ಭಾಗಿಸಿ 0.83. ಯಾಕಮ್ಮಾ ಅಂದರೆ, 'ಮಾಮ, ಬ್ಯಾಟರಿ 10 ವೋಲ್ಟ್ ಅಲ್ವಾ, ಹಾಗಾದ್ರೆ ಎಲ್ಲಾದಕ್ಕೂ 10 ವೋಲ್ಟೇ ತಾನೆ?' ಅಂದಳು.

ತಪ್ಪು ಇರುವುದು ಇಲ್ಲೇ. ಆ 10 ವೋಲ್ಟ್ ಪೂರ್ತಿಯಾಗಿ ಕವಲಿನ ತನಕ ತಲುಪುವುದೇ ಇಲ್ಲ. ದಾರಿಯಲ್ಲಿ ಕೂತಿರುವ 2 ಓಮ್ ಮೊದಲು ತನ್ನ ಪಾಲು ತೆಗೆದುಕೊಳ್ಳುತ್ತದೆ, ಉಳಿದದ್ದು ಮಾತ್ರ ಮುಂದಿನವರಿಗೆ. ಆ ಪಾಲು ಎಷ್ಟು ಅಂತ ತಿಳಿಯಬೇಕಾದರೆ ಒಟ್ಟು ಕರೆಂಟ್ ಬೇಕು, ಒಟ್ಟು ಕರೆಂಟಿಗೆ ಒಟ್ಟು ರೋಧ ಬೇಕು. ಅದಕ್ಕೇ ಈ ಲೆಕ್ಕದಲ್ಲಿ ಒಂದು ಸಲ ಒಳಗಿನಿಂದ ಹೊರಗೆ ಬಂದು, ಮತ್ತೆ ಹೊರಗಿನಿಂದ ಒಳಗೆ ಹೋಗಬೇಕು.

ಮೊದಲು ಕವಲು. ಸಮಾಂತರದಲ್ಲಿ ಒಂದೊಂದು ರೋಧವನ್ನೂ ತಲೆಕೆಳಗು ಮಾಡಿ ಕೂಡಿಸಬೇಕು. 1/4 + 1/12 ಅಂದರೆ 4/12, ಅಂದರೆ 1/3. ಇದನ್ನು ಮತ್ತೆ ತಲೆಕೆಳಗು ಮಾಡಿದರೆ 3 ಓಮ್. ತುಂಬಾ ಜನ ಇಲ್ಲಿ ತಿರುಗಿಸುವುದು ಮರೆತು 0.33 ಅಂತಲೇ ಮುಂದೆ ಹೋಗಿಬಿಡುತ್ತಾರೆ. ನೋಡಿದ ತಕ್ಷಣ ಹಿಡಿಯಲು ಒಂದು ದಾರಿ ಇದೆ. ಎರಡೇ ಕವಲು ಇದ್ದರೆ ಉತ್ತರ ಚಿಕ್ಕ ರೋಧಕ್ಕಿಂತ ಕಡಿಮೆ ಇರಬೇಕು, ಆದರೆ ಅದರ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಇಲ್ಲಿ 2ಕ್ಕೂ 4ಕ್ಕೂ ನಡುವೆ. 3 ಸರಿ, 0.33 ಸಾಧ್ಯವೇ ಇಲ್ಲ.

ಈಗ 2 ಮತ್ತು 3 ಸೇರಿ 5 ಓಮ್. 10 ವೋಲ್ಟನ್ನು 5ರಿಂದ ಭಾಗಿಸಿದರೆ 2 ಆಂಪಿಯರ್. ಬ್ಯಾಟರಿಯಿಂದ ಹೊರಡುವ ಒಟ್ಟು ಕರೆಂಟ್ ಇಷ್ಟೇ.

ಇನ್ನು ಒಳಗೆ ಹೋಗೋಣ. 2 ಓಮಿನಲ್ಲಿ 2 ಆಂಪಿಯರ್ ಹರಿದರೆ ಅಲ್ಲೇ 4 ವೋಲ್ಟ್ ಹೋಯಿತು. ಕವಲಿಗೆ ಉಳಿದದ್ದು 6 ವೋಲ್ಟ್. ಸಮಾಂತರದಲ್ಲಿ ಇರುವವರಿಗೆಲ್ಲ ಈ 6 ಒಂದೇ ಸಮ. ಹಾಗಾಗಿ 4 ಓಮಿನಲ್ಲಿ 1.5 ಆಂಪಿಯರ್, 12 ಓಮಿನಲ್ಲಿ 0.5 ಆಂಪಿಯರ್. ಎರಡನ್ನೂ ಕೂಡಿಸಿ: 2 ಆಂಪಿಯರ್. ಬಂದಷ್ಟೂ ಹೋಗಿದೆ. ಅವಳ ಮೊದಲಿನ ಉತ್ತರ ಕೂಡಿಸಿದರೆ 3.33 ಬರುತ್ತಿತ್ತು, ಬ್ಯಾಟರಿ ಕೊಟ್ಟದ್ದು 2 ಮಾತ್ರ. ಕೊನೆಗೆ ಹೀಗೆ ಒಂದು ಸಲ ಕೂಡಿಸಿ ನೋಡಲು ಹತ್ತು ಸೆಕೆಂಡ್ ಸಾಕು, ದಯವಿಟ್ಟು ಬಿಡಬೇಡಿ.

ಈಗ 12 ಓಮನ್ನು ಕಿತ್ತು ಹಾಕಿದರೆ ಏನಾಗುತ್ತದೆ? ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಒಟ್ಟು ರೋಧ 6 ಓಮ್ ಆಗುತ್ತದೆ, ಕರೆಂಟ್ 1.67ಕ್ಕೆ ಇಳಿಯುತ್ತದೆ, 2 ಓಮ್ ನುಂಗುವುದು 3.33 ವೋಲ್ಟ್ ಮಾತ್ರ. 4 ಓಮಿಗೆ ಈಗ 6 ಅಲ್ಲ, 6.67 ವೋಲ್ಟ್ ಸಿಗುತ್ತದೆ. ಪಕ್ಕದವನು ಎದ್ದು ಹೋದರೆ ಇವನ ಪಾಲು ಜಾಸ್ತಿ ಆಗುತ್ತದೆ, ಯಾಕೆಂದರೆ ಮುಂದೆ ಕೂತಿರುವ 2 ಓಮ್ ಈಗ ಕಡಿಮೆ ತಿನ್ನುತ್ತದೆ.

ಇದನ್ನು ನೀವು ಮನೆಯಲ್ಲೇ ನೋಡಿರುತ್ತೀರಿ. ಬೆಳಿಗ್ಗೆ ಬಕೆಟ್ಟಿಗೆ ನೀರು ಕಾಯಿಸುವ ಕಾಯಿಲ್ ಹಾಕಿ ಸ್ವಿಚ್ ಒತ್ತಿದ ತಕ್ಷಣ ಬಚ್ಚಲಿನ ಹಳೇ ಬಲ್ಬು ಒಂಚೂರು ಮಂಕಾಗುತ್ತದಲ್ಲ? ಬಲ್ಬು, ಕಾಯಿಲ್ ಎರಡೂ ಸಮಾಂತರದಲ್ಲಿವೆ. ಕಂಬದಿಂದ ಮನೆಗೆ ಬಂದ ವೈರ್ ಇವೆರಡಕ್ಕೂ ಸರಣಿಯಲ್ಲಿದೆ. 1500 ವ್ಯಾಟ್ ಕಾಯಿಲಿನ ರೋಧ 230 ವೋಲ್ಟಿನಲ್ಲಿ ಸುಮಾರು 35 ಓಮ್. ಕಂಬ ದೂರ ಇದ್ದು, ವೈರ್ ತೆಳ್ಳಗಿದ್ದು, ಹೋಗಿ ಬರುವ ಎರಡೂ ಎಳೆ ಸೇರಿ 2 ಓಮ್ ಇದೆ ಅಂದುಕೊಳ್ಳಿ. ಸುಮಾರು 6.2 ಆಂಪಿಯರ್ ಹರಿಯುತ್ತದೆ, ವೈರಿನಲ್ಲೇ 12 ವೋಲ್ಟಿನಷ್ಟು ಹೋಗುತ್ತದೆ. ಬಲ್ಬಿಗೆ ಸಿಗುವುದು 218ರ ಆಸುಪಾಸು. ಕಾಯಿಲ್ ಆಫ್ ಮಾಡಿ, ಬಲ್ಬು ಮತ್ತೆ ಬೆಳ್ಳಗಾಗುತ್ತದೆ. ಅದೇ 12 ಓಮ್ ಕಿತ್ತ ಕಥೆ. ಬಾವಿ ಮೋಟಾರ್ ಹಾಕಿದಾಗ ಆಗುವುದೂ ಇದೇ. ಮೋಟಾರು ಬರೀ ರೋಧಕ ಅಲ್ಲ, ಅದರ ಲೆಕ್ಕ ಬೇರೆ, ಆದರೆ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕೇ ದೀಪ ಗಕ್ಕನೆ ಕುಗ್ಗುತ್ತದೆ.

ಉದ್ದದ ವೈರಿಗೆ ರೋಧ ಜಾಸ್ತಿ ಅನ್ನುವುದು ಜರ್ಮನ್ ವಿಜ್ಞಾನಿ ಓಮ್ ಸ್ವತಃ ಬೇರೆ ಬೇರೆ ಉದ್ದದ ತಂತಿ ಜೋಡಿಸಿ ಅಳೆದು ಕಂಡುಕೊಂಡ ವಿಷಯ. 1827ರಲ್ಲಿ ಅವರು ಪ್ರಕಟಿಸಿದ ನಿಯಮವನ್ನು (ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟ್) ಇಡೀ ಮಂಡಲಕ್ಕೂ ಹಾಕಬಹುದು, ಒಂದು ತುಂಡಿಗೂ ಹಾಕಬಹುದು. ತುಂಡಿಗೆ ಹಾಕುವಾಗ ಆ ತುಂಡಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನೇ ಹಾಕಬೇಕು, ಅಷ್ಟೇ.

ಇನ್ನೊಂದು ವಿಷಯ. ಪರೀಕ್ಷೆಯಲ್ಲಿ ಚಿತ್ರವನ್ನು ಓರೆಯಾಗಿ ಬರೆದು ಕೊಟ್ಟರೆ ಯಾವುದು ಸರಣಿ, ಯಾವುದು ಸಮಾಂತರ ಅಂತ ಗೊಂದಲವಾಗುತ್ತದೆ. ವೈರಿನ ಮೇಲೆ ಬೆರಳಿಟ್ಟು ನಡೆಯಿರಿ. ರೋಧಕ ದಾಟುವ ತನಕ ಅದು ಒಂದೇ ಬಿಂದು, ಅದಕ್ಕೆ 'ಅ' ಅಂತ ಹೆಸರಿಡಿ. ದಾಟಿದ ಮೇಲೆ 'ಆ'. ಎರಡು ರೋಧಕಗಳ ಎರಡೂ ತುದಿಗಳ ಹೆಸರು ಒಂದೇ ಆಗಿದ್ದರೆ ಸಮಾಂತರ, ಚಿತ್ರದಲ್ಲಿ ಎಷ್ಟೇ ದೂರ ಇರಲಿ. ಒಂದು ತುದಿ ಮಾತ್ರ ಸೇರಿದ್ದು, ಆ ಜಾಗದಿಂದ ಬೇರೆ ಕವಲು ಹೊರಡದಿದ್ದರೆ ಸರಣಿ. ಎರಡೂ ಅಲ್ಲದ ಜೋಡಣೆಯೂ ಇದೆ, ಪಿಯುಸಿಯಲ್ಲಿ ಬರುವ ವೀಟ್‌ಸ್ಟನ್ ಸೇತುವೆ ಅಂಥದ್ದು. ಅಲ್ಲಿ ಸುಮ್ನೆ ಈ ಸೂತ್ರ ಹಾಕಲು ಹೋಗಬೇಡಿ, ಅದಕ್ಕೆ ಕವಲಿನ ಕರೆಂಟ್, ಸುತ್ತಿನ ವೋಲ್ಟೇಜ್ ಲೆಕ್ಕ ಹಾಕುವ ಕಿರ್ಚಾಫ್ ನಿಯಮಗಳು ಬೇಕು.